ದೂರದಲ್ಲಿ ಕೂತು ಕಲಿಯುವವರಿಗೆ ಆನ್‌ಲೈನ್ ಕೋರ್ಸ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಅಧ್ಯಾಪಕರು, ತರಬೇತಿ ಕೊಡುವವರು, ಸ್ವಂತ ಕೋರ್ಸ್ ಶುರು ಮಾಡಬೇಕು ಅಂದುಕೊಂಡವರು ಫೋನಿನಲ್ಲಿ, ಪತ್ರಗಳಲ್ಲಿ, ಕಾರ್ಯಾಗಾರದ ಟೀ ಬಿಡುವಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಉದಾಹರಣೆ ಬೇಕಾದ ಕಡೆಯೆಲ್ಲ ಒಂದೇ ಕೋರ್ಸನ್ನು ಹಿಡಿದುಕೊಂಡಿದ್ದೇನೆ: ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ರಾತ್ರಿ ಓದುವ ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕಪತ್ರದ ಮೊದಲ ಪಾಠಗಳು. ನಿಮ್ಮ ವಿಷಯ ಬೇರೆಯಾದರೂ ತೊಡಕುಗಳು ಹೆಚ್ಚು ಕಡಿಮೆ ಇವೇ.

## ಶುರು ಮಾಡುವ ಮುಂಚೆ

ದೂರಶಿಕ್ಷಣ, ಆನ್‌ಲೈನ್ ಕ್ಲಾಸು ಎರಡೂ ಒಂದೇ ಅಲ್ವಾ?

ಅಲ್ಲ. ದೂರಶಿಕ್ಷಣ ಇಂಟರ್ನೆಟ್‌ಗಿಂತ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲೇ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುವಾಗಿತ್ತು. ಅದೇ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ದೆಹಲಿಯ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) 1985ರದ್ದು. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ರಜೆಯಲ್ಲೋ ಭಾನುವಾರವೋ ಸಂಪರ್ಕ ತರಗತಿ ಇರುತ್ತಿತ್ತು, ಉಳಿದ ದಿನವೆಲ್ಲ ವಿದ್ಯಾರ್ಥಿ ಒಬ್ಬನೇ.

2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ನೋಡಿದ ಜೂಮ್ ಕ್ಲಾಸು ಬೇರೆ. ಅಲ್ಲಿ ಅದೇ ಮೇಷ್ಟ್ರು, ಅದೇ ಮಕ್ಕಳು, ಅದೇ ವೇಳಾಪಟ್ಟಿ; ಗೋಡೆ ಮಾತ್ರ ಇರಲಿಲ್ಲ. ದೂರಶಿಕ್ಷಣದ ವಿದ್ಯಾರ್ಥಿ ನಿಮ್ಮನ್ನು ಒಮ್ಮೆಯೂ ನೋಡಿರುವುದಿಲ್ಲ. ನಿಮ್ಮ ವೇಳಾಪಟ್ಟಿಗೆ ಅವನು ಹೊಂದಿಕೊಳ್ಳುವುದೂ ಇಲ್ಲ.

ಇನ್ನೊಂದು ಮಾತು. ಹಳೆಯ ಮುಕ್ತ ವಿ.ವಿ.ಗಳ ಸ್ವಯಂ ಕಲಿಕಾ ಪುಸ್ತಕ ಸಿಕ್ಕರೆ ಒಮ್ಮೆ ತೆಗೆದು ನೋಡಿ. ಎರಡು ಮೂರು ಪುಟಕ್ಕೊಮ್ಮೆ "ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ" ಅಂತ ಒಂದು ಚೌಕ, ಉತ್ತರ ಬರೆಯಲು ಖಾಲಿ ಗೆರೆ, ಘಟಕದ ಕೊನೆಯಲ್ಲಿ ಸರಿ ಉತ್ತರ. ಇವತ್ತಿನ ಎಷ್ಟೋ ದುಬಾರಿ ಆ್ಯಪ್‌ಗಳಲ್ಲಿ ಇಷ್ಟೂ ಇರುವುದಿಲ್ಲ.

ಕ್ಲಾಸಲ್ಲಿ ಮಾಡೋ ಪಾಠನೇ ರೆಕಾರ್ಡ್ ಮಾಡಿ ಹಾಕಿದ್ರೆ ಸಾಲದಾ ಮೇಡಂ?

ಸಾಲದು. ಕ್ಲಾಸಿನಲ್ಲಿ ನೀವು ಮಾಡುವ ಕೆಲಸದಲ್ಲಿ ಅರ್ಧ ಮಾತಿನದು, ಇನ್ನರ್ಧ ಕಣ್ಣಿನದು. ಮೂರನೇ ಬೆಂಚಿನವನು ಹುಬ್ಬು ಗಂಟಿಕ್ಕಿದ್ದು ಕಂಡು ನಿಲ್ಲಿಸುತ್ತೀರಿ. "ಅರ್ಥ ಆಯ್ತಾ? ಹಂಗಾದ್ರೆ ಇದಕ್ಕೆ ಹೇಳು" ಅಂತ ಒಬ್ಬರನ್ನು ಎಬ್ಬಿಸುತ್ತೀರಿ. ರೆಕಾರ್ಡಿಂಗಿನಲ್ಲಿ ಆ ಅರ್ಧ ಪೂರ್ತಿ ಕಳೆದುಹೋಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಕೇಳಬೇಕು, ತಪ್ಪು ಉತ್ತರ ಬಂದರೆ ಏನು ಹೇಳಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಕೋರ್ಸಿನೊಳಗೆ ಇಡಬೇಕು. ಕೋರ್ಸ್ ವಿನ್ಯಾಸ ಅಂದರೆ ಮುಖ್ಯವಾಗಿ ಇದೇ ಕೆಲಸ.

ವಿದ್ಯಾರ್ಥಿಗಳು ಯಾರು ಅಂತಾನೇ ಗೊತ್ತಿಲ್ಲ, ಅವರಿಗೆ ತಕ್ಕ ಹಾಗೆ ಹೇಗೆ ಮಾಡೋದು?

ಫೋನ್ ಮಾಡಿ ಕೇಳಿ. ಸೇರಿದವರಲ್ಲಿ, ಇಲ್ಲವೇ ಸೇರಬಹುದಾದವರಲ್ಲಿ ಏಳೆಂಟು ಜನ ಸಾಕು. ಗೂಗಲ್ ಫಾರ್ಮ್ ಕಳಿಸಿದರೆ ಟಿಕ್ ಹಾಕಿ ಬಿಡುತ್ತಾರೆ, ಫೋನಿನಲ್ಲಿ ಮಾತಾಡುತ್ತಾರೆ. ನಾನು ಕೇಳುವುದು ಇಷ್ಟು: ದಿನದಲ್ಲಿ ಯಾವ ಹೊತ್ತು ಓದುತ್ತೀರಿ, ಎಲ್ಲಿ ಕೂತು? ಫೋನ್ ನಿಮ್ಮದೇನಾ, ಮನೆಯವರೆಲ್ಲ ಹಂಚಿಕೊಳ್ಳುವುದಾ? ಡೇಟಾ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಹಿಂದೆ ಯಾವುದಾದರೂ ಕೋರ್ಸ್ ಸೇರಿ ಬಿಟ್ಟಿದ್ದೀರಾ, ಯಾಕೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ಜಾಸ್ತಿ ಉಪಯೋಗ. "ಕಷ್ಟ ಆಯ್ತು" ಅನ್ನುವವರು ಕಡಿಮೆ. "ಒಂದು ವಾರ ತಂಗಿ ಮದುವೆ ಇತ್ತು, ಆಮೇಲೆ ಎಲ್ಲಿಂದ ಹಿಡೀಬೇಕು ಗೊತ್ತಾಗ್ಲಿಲ್ಲ" ಅನ್ನುವವರೇ ಹೆಚ್ಚು. ಕೋರ್ಸಿಗೆ ಏನು ಬೇಕು ಅಂತ ಆ ಒಂದು ವಾಕ್ಯವೇ ಹೇಳುತ್ತದೆ: ತಪ್ಪಿಸಿಕೊಂಡವರು ವಾಪಸ್ ಬರಲು ಒಂದು ಬಾಗಿಲು.

ಸಿಲಬಸ್ ಕೈಲಿದೆ. ಎಲ್ಲಿಂದ ಶುರು ಮಾಡ್ಲಿ?

ಕೊನೆಯಿಂದ. ಕೋರ್ಸ್ ಮುಗಿದ ದಿನ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು? "ಲೆಕ್ಕಪತ್ರದ ಮೂಲತತ್ವಗಳನ್ನು ಅರಿಯುವುದು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಒಂದು ಚಿಕ್ಕ ಕಿರಾಣಿ ಅಂಗಡಿಯ ಒಂದು ತಿಂಗಳ ಬಿಲ್ಲು, ರಸೀದಿ ಕೊಟ್ಟರೆ ತಾಳೆಪಟ್ಟಿ ತಯಾರಿಸುತ್ತಾರೆ" ಅಂತ ಬರೆಯಿರಿ. (ತಾಳೆಪಟ್ಟಿ ಅಂದರೆ ಟ್ರಯಲ್ ಬ್ಯಾಲೆನ್ಸ್: ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಸರಿಹೊಂದುತ್ತವೆಯಾ ಅಂತ ನೋಡುವ ಪಟ್ಟಿ.) ಆಮೇಲೆ ಅದನ್ನು ಪರೀಕ್ಷಿಸುವ ಪ್ರಶ್ನೆ ಬರೆಯಿರಿ. ಅದಕ್ಕೆ ಏನೇನು ಅಭ್ಯಾಸ ಬೇಕು ಅಂತ ನೋಡಿ. ಪಾಠ ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಹೀಗೆ ಹಿಂದಿನಿಂದ ಮುಂದಕ್ಕೆ ಬರುವ ಪದ್ಧತಿಯನ್ನು ವಿಗಿನ್ಸ್ ಮತ್ತು ಮೆಕ್‌ಟೈ ಎಂಬ ಇಬ್ಬರು ಅಮೆರಿಕದ ಶಿಕ್ಷಣತಜ್ಞರು 1998ರಲ್ಲಿ ಪುಸ್ತಕವಾಗಿ ಬರೆದು ಜನಪ್ರಿಯ ಮಾಡಿದರು. ಇದರ ದೊಡ್ಡ ಲಾಭ ಸಿಲಬಸ್ ತೆಳ್ಳಗಾಗುವುದು. ತಾಳೆಪಟ್ಟಿಗೆ ಬೇಡವಾದ ಲೆಕ್ಕಪತ್ರದ ಇತಿಹಾಸ, ಆರು ಜನ ವಿದ್ವಾಂಸರ ಆರು ವ್ಯಾಖ್ಯೆ ಎಲ್ಲ ತಾನಾಗೇ ಬಿದ್ದುಹೋಗುತ್ತವೆ. ವಿ.ವಿ. ಸಿಲಬಸ್ಸಿನಲ್ಲಿ ಅವು ಇರಲೇಬೇಕಾದರೆ ಎರಡು ಪುಟದ ಓದಿಗೆ ಹಾಕಿ. ವಿಡಿಯೋ ಖರ್ಚು ಮಾಡಬೇಡಿ.

ವಾರಕ್ಕೆ ಎಷ್ಟು ಕೆಲಸ ಕೊಡಬಹುದು?

ಇಗ್ನೋದಂಥ ಮುಕ್ತ ವಿ.ವಿ.ಗಳಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಒಟ್ಟು ಓದು. ವಿಡಿಯೋ, ಪುಸ್ತಕ, ಅಸೈನ್‌ಮೆಂಟ್ ಎಲ್ಲ ಸೇರಿ. 4 ಕ್ರೆಡಿಟ್ ಕೋರ್ಸ್ ಅಂದರೆ 120 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ ಏಳೂವರೆ ಗಂಟೆ. ಅಂಥ ಕೋರ್ಸ್ ನಾಲ್ಕು ತೆಗೆದುಕೊಂಡರೆ ವಾರಕ್ಕೆ 30 ಗಂಟೆ! ಕೆಲಸಕ್ಕೆ ಹೋಗುವವರು ಎಲ್ಲಿಂದ ತರಬೇಕು ಹೇಳಿ. ಅದಕ್ಕೆ ಲೆಕ್ಕ ಹಾಕುವಾಗ ಕೈ ಬಿಗಿ ಹಿಡಿಯಿರಿ. ಪ್ರತಿ ಕೆಲಸದ ಮುಂದೆ ಎಷ್ಟು ನಿಮಿಷ ಅಂತ ಬರೆಯಿರಿ. "ಈ ಅಭ್ಯಾಸ: 25 ನಿಮಿಷ, ಪೆನ್ನು ಕಾಗದ ಬೇಕು." ಬಸ್ಸಿನಲ್ಲಿ ಆಗುವುದು ಯಾವುದು, ಮೇಜಿನ ಮುಂದೆ ಕೂತೇ ಮಾಡಬೇಕಾದ್ದು ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ.

## ಪಾಠ ತಯಾರಿಸುವಾಗ

ವಿಡಿಯೋ ಎಷ್ಟು ನಿಮಿಷ ಇರಬೇಕು?

ಆರರಿಂದ ಎಂಟು ನಿಮಿಷ. ಎಡ್‌ಎಕ್ಸ್ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ಜನ ವಿಡಿಯೋ ನೋಡಿದ 69 ಲಕ್ಷ ಸಲದ ದಾಖಲೆಗಳನ್ನು ಫಿಲಿಪ್ ಗುವೋ ಎಂಬ ಸಂಶೋಧಕ ಮತ್ತು ಜೊತೆಗಾರರು ಜಾಲಾಡಿ 2014ರಲ್ಲಿ ಪ್ರಕಟಿಸಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಕಡೇ ಪಕ್ಷ ಅರ್ಧದಷ್ಟು ಸಲ ಜನ ಆರು ನಿಮಿಷ ದಾಟಿ ನೋಡಲಿಲ್ಲ. ಉದ್ದ ಉಪನ್ಯಾಸವನ್ನು ಆಮೇಲೆ ಕತ್ತರಿಸಿ ತುಂಡು ಮಾಡಿದ್ದಕ್ಕಿಂತ ಮೊದಲೇ ತುಂಡಾಗಿ ಯೋಚಿಸಿ ತೆಗೆದದ್ದನ್ನು ಜನ ಹೆಚ್ಚು ನೋಡಿದರು. ಬರೀ ಸ್ಲೈಡಿಗಿಂತ ಬರೆಯುತ್ತಾ ಹೋಗುವ ಕೈ ಅವರನ್ನು ಹೆಚ್ಚು ಹಿಡಿದಿಟ್ಟಿತು.

ಆದರೆ ಆರು ನಿಮಿಷ ಅನ್ನುವುದನ್ನು ಶಾಸನ ಮಾಡಿಕೊಳ್ಳಬೇಡಿ. ಒಂದು ವಿಡಿಯೋಗೆ ಒಂದೇ ಪ್ರಶ್ನೆ ಅಂತ ಇಟ್ಟುಕೊಂಡರೆ ಉದ್ದ ತಾನಾಗೇ ಸರಿಹೋಗುತ್ತದೆ. "ಡೆಬಿಟ್ ಯಾವಾಗ, ಕ್ರೆಡಿಟ್ ಯಾವಾಗ" ಒಂದು ವಿಡಿಯೋ. "ತಾಳೆಪಟ್ಟಿ ತಾಳೆ ಆಗದಿದ್ದರೆ ಎಲ್ಲಿ ಹುಡುಕಬೇಕು" ಇನ್ನೊಂದು. ಎರಡನೆಯದು ಹತ್ತು ನಿಮಿಷ ಆದರೂ ನೋಡುತ್ತಾರೆ, ಯಾಕೆಂದರೆ ಅವರು ಅಲ್ಲೇ ಸಿಕ್ಕಿಕೊಂಡಿರುತ್ತಾರೆ.

ಶುರುವಿನ ಸಂಗೀತ, ತಿರುಗುವ ಲೋಗೋ, "ನಮಸ್ಕಾರ ವಿದ್ಯಾರ್ಥಿ ಮಿತ್ರರೇ, ಹಿಂದಿನ ತರಗತಿಯಲ್ಲಿ ನಾವು..." ಇವನ್ನೆಲ್ಲ ತೆಗೆಯಿರಿ. ಡೇಟಾ ಅವರದ್ದು.

ಸ್ಟುಡಿಯೋ ಇಲ್ಲ, ಕ್ಯಾಮೆರಾ ಇಲ್ಲ. ಮೊಬೈಲ್‌ನಲ್ಲಿ ಮಾಡಿದ್ರೆ ನಡೆಯುತ್ತಾ?

ಚೆನ್ನಾಗಿ ನಡೆಯುತ್ತದೆ. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಮುಚ್ಚಿಬಿಡುತ್ತಾರೆ. ಹಾಗಾಗಿ ಇರುವ ಹಣವನ್ನು ಕಾಲರ್‌ಗೆ ಸಿಕ್ಕಿಸುವ ಮೈಕಿಗೆ ಹಾಕಿ. ಫ್ಯಾನ್ ಆಫ್ ಮಾಡಿ. ಪಕ್ಕದ ಮನೆಯ ಕುಕ್ಕರ್ ಕೂಗುವ ಹೊತ್ತು ಬಿಟ್ಟು ರೆಕಾರ್ಡ್ ಮಾಡಿ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಚಿಕ್ಕ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ. ಲೆಕ್ಕ ಬಿಡಿಸುವುದಾದರೆ ಫೋನನ್ನು ಸ್ಟ್ಯಾಂಡಿಗೆ ಹಾಕಿ ಕೆಳಮುಖ ಮಾಡಿ, ಬಿಳಿ ಹಾಳೆಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ. ದನಿ ತಿದ್ದಲು ಆಡಾಸಿಟಿ, ಕಂಪ್ಯೂಟರ್ ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ, ಎರಡೂ ಪುಕ್ಕಟೆ.

ಸ್ಲೈಡ್‌ನಲ್ಲಿ ಇರೋದನ್ನೇ ಓದಿದ್ರೆ ತಪ್ಪೇನು? ಎರಡು ಸಲ ಕೇಳಿದ ಹಾಗಾಗುತ್ತಲ್ಲ?

ಕೇಳಿದ ಹಾಗಾಗುವುದಿಲ್ಲ, ಗೊಂದಲ ಆಗುತ್ತದೆ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ನೀವು ಇನ್ನೊಂದು ವೇಗದಲ್ಲಿ ಹೇಳುತ್ತೀರಿ. ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪ್ರಯೋಗಗಳಲ್ಲಿ ಮತ್ತೆ ಮತ್ತೆ ತೋರಿಸಿದ್ದಾರೆ: ಚಿತ್ರ ಮತ್ತು ಮಾತು ಸೇರಿದರೆ ಕಲಿಕೆ ಚೆನ್ನ, ಅದೇ ಮಾತನ್ನು ಪರದೆಯ ಮೇಲೂ ಉದ್ದಕ್ಕೆ ಬರೆದರೆ ಕಲಿಕೆ ಕುಗ್ಗುತ್ತದೆ. ಸ್ಲೈಡಿನಲ್ಲಿ ಖಾತೆಯ ಚಿತ್ರ, ಅಂಕಿ, ಒಂದೆರಡು ಮುಖ್ಯ ಪದ ಇರಲಿ. ಪೂರ್ತಿ ಮಾತು ಬೇಕಾದವರಿಗೆ ಕೆಳಗೆ ಬರಹ ಕೊಡಿ.

ನಮ್ಮ ಹುಡುಗರಿಗೆ ನೆಟ್ ಸಿಗೋದೇ ಕಷ್ಟ. ಏನು ಮಾಡೋದು?

ವಿಡಿಯೋ ಇಲ್ಲದೆಯೂ ಕೋರ್ಸ್ ನಡೆಯಬೇಕು, ವಿಡಿಯೋ ಇದ್ದರೆ ಇನ್ನೂ ಚೆನ್ನಾಗಿರಬೇಕು. ಹಾಗೆ ಕಟ್ಟಿ. ಸ್ವಲ್ಪ ಲೆಕ್ಕ ನೋಡಿ: 32 ಕೆಬಿಪಿಎಸ್‌ನಲ್ಲಿ ಉಳಿಸಿದ ಮಾತಿನ ಆಡಿಯೋ ಹತ್ತು ನಿಮಿಷಕ್ಕೆ 2.4 ಎಂಬಿ. ವಾಟ್ಸಾಪ್‌ನಲ್ಲಿ ಕಳಿಸಿದರೂ ಇಳಿಯುತ್ತದೆ. ಅದೇ ಹತ್ತು ನಿಮಿಷದ ವಿಡಿಯೋ ಸಾಧಾರಣ ಗುಣಮಟ್ಟದಲ್ಲೂ ಅದರ ಹತ್ತಾರು ಪಟ್ಟು. ಮಲೆನಾಡಿನಲ್ಲಿ ಸಿಗ್ನಲ್‌ಗೋಸ್ಕರ ಗುಡ್ಡ ಹತ್ತುವವರು, ದಿನದ ಡೇಟಾ ಸಂಜೆಗೇ ಮುಗಿದು ಹೋಗುವವರು ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ.

ಪ್ರತಿ ಪಾಠಕ್ಕೆ ಮೂರು ರೂಪ ಇಡಿ: ಓದಲು ಎರಡು ಮೂರು ಪುಟ, ಕೇಳಲು ಆಡಿಯೋ, ನೋಡಲು ವಿಡಿಯೋ. ವಿಡಿಯೋವನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಡಿ. ಯಾರಾದರೂ ಕದ್ದಾರು ಅಂತ ಬೀಗ ಹಾಕುವವರಿದ್ದಾರೆ. ಆ ಬೀಗ ತಗುಲುವುದು ನಿಯತ್ತಿನ ವಿದ್ಯಾರ್ಥಿಗೇ. ಪಿಡಿಎಫ್ ಮಾಡುವಾಗ ಫೋನಿನಲ್ಲಿ ತೆರೆದು ನೋಡಿ. ಪುಟ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದಬೇಕಾದರೆ ಅದು ಯಾರೂ ಓದದ ಪಿಡಿಎಫ್.

ನುಡಿಯಲ್ಲಿ ಟೈಪ್ ಮಾಡಿದ ನೋಟ್ಸ್ ಫೋನಲ್ಲಿ ಏನೇನೋ ಚಿಹ್ನೆ ತೋರಿಸುತ್ತೆ. ಯಾಕೆ?

ಅದು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದೆ. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಆಯ್ಕೆ ಇದೆ, ಅದರಲ್ಲೇ ಟೈಪ್ ಮಾಡಿ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ತಿದ್ದಿ. ಯೂನಿಕೋಡ್ ಆದರೆ ಹುಡುಕಬಹುದು, ನಕಲಿಸಬಹುದು, ಫೋನ್ ಓದಿ ಹೇಳಲೂ ಬಹುದು.

ಕನ್ನಡದಲ್ಲಿ ಮಾಡ್ಬೇಕಾ, ಇಂಗ್ಲಿಷಲ್ಲಾ? ಪರೀಕ್ಷೆ ಇಂಗ್ಲಿಷಲ್ಲೂ ಬರೀತಾರೆ.

ವಿವರಣೆ ಕನ್ನಡದಲ್ಲಿ ಇರಲಿ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಯಾವ ಪದ ನಡೆಯುತ್ತದೋ ಅದನ್ನೇ ಬಳಸಿ: ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್, ಬಿಲ್ಲು. ಪಠ್ಯಪುಸ್ತಕದ ಪದವನ್ನು ಒಮ್ಮೆ ಜೊತೆಗೆ ಹೇಳಿ. ಪಾಠದ ಕೊನೆಯಲ್ಲಿ ಎರಡೂ ಭಾಷೆಯ ಪದಪಟ್ಟಿ, ಒಂದು ಮಾದರಿ ಉತ್ತರ ಇಂಗ್ಲಿಷಿನಲ್ಲೂ ಕೊಟ್ಟರೆ ಪರೀಕ್ಷೆಗೆ ಅನುಕೂಲ.

## ಅಭ್ಯಾಸ, ಪರೀಕ್ಷೆ

ವಿಡಿಯೋ ಎರಡೆರಡು ಸಲ ನೋಡಿದ್ದೀವಿ ಅಂತಾರೆ, ಪರೀಕ್ಷೆಯಲ್ಲಿ ಮಾತ್ರ ಬರೆಯಲ್ಲ. ಸುಳ್ಳು ಹೇಳ್ತಾರಾ?

ಪಾಪ, ನಿಜವೇ ಹೇಳುತ್ತಿರುತ್ತಾರೆ. ಎರಡನೇ ಸಲ ನೋಡಿದಾಗ ಎಲ್ಲ ಪರಿಚಿತ ಅನಿಸುತ್ತದೆ. ಪರಿಚಯವನ್ನೇ ಕಲಿಕೆ ಅಂದುಕೊಳ್ಳುತ್ತಾರೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನೆಯಬೇಕು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಾದಷ್ಟು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಇಟ್ಟರೆ ಪುಸ್ತಕ ಮುಚ್ಚಿ ಬರೆದವರು ಮುಂದು.

ಹಾಗಾಗಿ ವಿಡಿಯೋ ಮುಗಿದ ಕೂಡಲೇ "ಈಗ ಫೋನ್ ಮಗುಚಿ ಇಡಿ. ಇವತ್ತಿನ ಮೂರು ನಿಯಮ ಹಾಳೆಯ ಮೇಲೆ ಬರೆಯಿರಿ" ಅಂತ ಹೇಳಿ. ಎರಡನೇ ವಾರದ ಕ್ವಿಜ್‌ನಲ್ಲಿ ಮೊದಲ ವಾರದ ಎರಡು ಪ್ರಶ್ನೆ ಸೇರಿಸಿ. ಐದನೇ ವಾರದಲ್ಲಿ ಮತ್ತೊಮ್ಮೆ. ಮೊದಮೊದಲು ಗೊಣಗುತ್ತಾರೆ.

ಕ್ವಿಜ್ ಅಂದ್ರೆ ನಾಲ್ಕು ಆಯ್ಕೆ ಕೊಟ್ಟು ಒಂದು ಸರಿ ಅನ್ನೋದು ತಾನೆ? ಅದರಲ್ಲೇನು ಕಲೀತಾರೆ?

ತಪ್ಪು ಆಯ್ಕೆಗಳನ್ನು ಹೇಗೆ ಬರೆಯುತ್ತೀರಿ ಅನ್ನುವುದರ ಮೇಲಿದೆ. ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ.

"ಅಂಗಡಿಯಲ್ಲಿ ಸಾಮಾನು ಜೋಡಿಸಲು ಮಾಲೀಕರು 12,000 ರೂಪಾಯಿ ನಗದು ಕೊಟ್ಟು ಒಂದು ಕಪಾಟು ತಂದರು. ಯಾವ ಖಾತೆ ಡೆಬಿಟ್ ಆಗಬೇಕು?" ಆಯ್ಕೆಗಳು: ಖರೀದಿ ಖಾತೆ, ನಗದು ಖಾತೆ, ಪೀಠೋಪಕರಣ ಖಾತೆ, ಮಾಲೀಕರ ಬಂಡವಾಳ ಖಾತೆ.

ಸರಿ ಉತ್ತರ ಪೀಠೋಪಕರಣ ಖಾತೆ. ಆದರೆ ಹೊಸಬರು ತುಂಬ ಜನ "ಖರೀದಿ" ಒತ್ತುತ್ತಾರೆ. ದುಡ್ಡು ಕೊಟ್ಟು ತಂದರೆ ಖರೀದಿ ತಾನೆ? ಅಲ್ಲಿ "ತಪ್ಪು, ಮತ್ತೆ ಪ್ರಯತ್ನಿಸಿ" ಅಂತ ಕೆಂಪಕ್ಷರ ಬಂದರೆ ಏನೂ ಕಲಿಯುವುದಿಲ್ಲ, ಮುಂದಿನ ಆಯ್ಕೆ ಒತ್ತುತ್ತಾರೆ ಅಷ್ಟೇ. ಅದರ ಬದಲು ಹೀಗೆ ಬರಲಿ: "ಕಪಾಟನ್ನು ಮಾರಲು ತಂದರಾ, ಇಟ್ಟುಕೊಳ್ಳಲು ತಂದರಾ? ಖರೀದಿ ಖಾತೆಗೆ ಹೋಗುವುದು ಮಾರಾಟದ ಸರಕು ಮಾತ್ರ." "ನಗದು" ಒತ್ತಿದವರಿಗೆ ಬೇರೆ ಮಾತು: "ನಗದಿಗೂ ಇಲ್ಲಿ ಪಾತ್ರ ಇದೆ. ಆದರೆ ಗಲ್ಲಾಪೆಟ್ಟಿಗೆಗೆ ಹಣ ಬಂತಾ, ಹೋಯ್ತಾ?" "ಬಂಡವಾಳ" ಒತ್ತಿದವರು ಅಂಗಡಿಯ ಹಣವನ್ನೂ ಮಾಲೀಕರ ಜೇಬನ್ನೂ ಒಂದು ಮಾಡಿಕೊಂಡಿದ್ದಾರೆ, ಅವರನ್ನು ಹಿಂದಿನ ಪಾಠದ ಆ ನಿಮಿಷಕ್ಕೇ ಕಳಿಸಿ.

ಮೂರು ತಪ್ಪು, ಮೂರು ಬೇರೆ ಬೇರೆ ಕಾರಣ. ಇದು ಕ್ಲಾಸಿನಲ್ಲಿ ನೀವು ಬಾಯಲ್ಲಿ ಮಾಡುತ್ತಿದ್ದ ಕೆಲಸವೇ. ಇಂಥ ಪ್ರಶ್ನೆ ಬರೆಯಲು ಹೊತ್ತು ಹಿಡಿಯುತ್ತದೆ. ವಾರಕ್ಕೆ ಇಂಥ ಐದು ಇದ್ದರೆ ಸುಮ್ನೆ ಬರೆದ ಐವತ್ತು ಬೇಡ. ಇಂಥ ತಪ್ಪು ಆಯ್ಕೆಗಳು ಎಲ್ಲಿ ಸಿಗುತ್ತವೆ ಅಂದರೆ, ನಿಮ್ಮ ಹಳೆಯ ಉತ್ತರಪತ್ರಿಕೆಗಳಲ್ಲಿ. ವಿದ್ಯಾರ್ಥಿಗಳು ವರ್ಷ ವರ್ಷವೂ ಅವೇ ತಪ್ಪು ಮಾಡುತ್ತಾರೆ.

ಅಸೈನ್‌ಮೆಂಟ್ ಎಲ್ಲರದ್ದೂ ಒಂದೇ ಥರ ಬರುತ್ತೆ. ಈಗ ಚಾಟ್‌ಜಿಪಿಟಿ ಬೇರೆ. ತಡೆಯೋದು ಹೇಗೆ?

ಹಿಡಿಯುವ ಸಾಫ್ಟ್‌ವೇರ್ ನಂಬಬೇಡಿ, ಪ್ರಾಮಾಣಿಕವಾಗಿ ಬರೆದವರನ್ನೂ ಅವು ಹಿಡಿದುಹಾಕುತ್ತವೆ. ಪ್ರಶ್ನೆ ಬದಲಿಸಿ. "ತಾಳೆಪಟ್ಟಿಯ ಉಪಯೋಗಗಳನ್ನು ವಿವರಿಸಿ" ಅಂದರೆ ನಕಲು ಬಾರದೆ ಇನ್ನೇನು ಬರುತ್ತದೆ? "ನಿಮ್ಮ ಮನೆಯ ಅಥವಾ ನೀವು ಕೆಲಸ ಮಾಡುವ ಕಡೆಯ ಒಂದು ವಾರದ ಹತ್ತು ವ್ಯವಹಾರ ಬರೆದುಕೊಂಡು ಜರ್ನಲ್‌ಗೆ ಹಾಕಿ. ಹೆಸರು ಬೇಡ. ಎಲ್ಲಿ ಅನುಮಾನ ಬಂತು, ಯಾಕೆ ಹಾಗೆ ತೀರ್ಮಾನಿಸಿದಿರಿ ಅಂತ ಎರಡು ನಿಮಿಷ ಆಡಿಯೋ ಕಳಿಸಿ." ಹೈನು ಡೈರಿಗೆ ಹಾಲು ಹಾಕುವವರ ಲೆಕ್ಕ ಒಂದು ಬರುತ್ತದೆ, ಬ್ಯೂಟಿ ಪಾರ್ಲರಿನದು ಇನ್ನೊಂದು. ಆಡಿಯೋ ಕೇಳಿದರೆ ತಿಳಿದು ಮಾಡಿದ್ದಾರಾ ಇಲ್ಲವಾ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಐ ಸಹಾಯ ಎಲ್ಲಿ ಸರಿ, ಎಲ್ಲಿ ಬೇಡ ಅಂತ ಬಾಯಿ ಬಿಟ್ಟು ಹೇಳಿಬಿಡಿ. ಅಂತಿಮ ಪರೀಕ್ಷೆಯನ್ನು ಕೇಂದ್ರದಲ್ಲಿ ಕೂರಿಸಿಯೇ ಮಾಡುವುದು ಒಳ್ಳೆಯದು. ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸುಗಳ ಯೋಜನೆ) ಹಾಗೇ ಮಾಡುತ್ತದೆ: ಪ್ರಮಾಣಪತ್ರಕ್ಕೆ 25 ಅಂಕ ಆನ್‌ಲೈನ್ ಅಸೈನ್‌ಮೆಂಟ್‌ಗೆ, 75 ಅಂಕ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ.

ಎಷ್ಟು ದಿನದೊಳಗೆ ತಿದ್ದಿ ಕೊಡಬೇಕು?

ಮುಂದಿನ ಅಸೈನ್‌ಮೆಂಟ್ ಶುರುವಾಗುವ ಮುಂಚೆ. ಆಮೇಲೆ ಕೊಟ್ಟರೆ ಅಂಕ ನೋಡಿ ಮುಚ್ಚಿಡುತ್ತಾರೆ. ಜನ ಜಾಸ್ತಿ ಇದ್ದರೆ ಇಪ್ಪತ್ತು ಪತ್ರಿಕೆ ನೋಡಿ, ಅದರಲ್ಲಿ ಕಂಡ ನಾಲ್ಕು ಸಾಮಾನ್ಯ ತಪ್ಪಿನ ಬಗ್ಗೆ ಎಲ್ಲರಿಗೂ ಒಂದು ಆಡಿಯೋ ಕಳಿಸಿ.

## ಜೊತೆಗೆ ನಿಲ್ಲುವುದು

ನೂರು ಜನ ಸೇರ್ತಾರೆ, ಹತ್ತು ಜನ ಮುಗಿಸ್ತಾರೆ. ಎಲ್ಲರಿಗೂ ಹೀಗೇನಾ?

ದೊಡ್ಡವರಿಗೂ ಹೀಗೇ. ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್‌ನಲ್ಲಿ ನಡೆಸಿದ ಉಚಿತ ಕೋರ್ಸುಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ನೂರಕ್ಕೆ ಸುಮಾರು 3. ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಅರ್ಧದ ಹತ್ತಿರ. ಪುಕ್ಕಟೆ ಕೋರ್ಸಿಗೆ ಸುಮ್ನೆ ಇಣುಕಿ ಹೋಗುವವರು ಇರುತ್ತಾರೆ, ಅವರನ್ನು ಸೋತವರು ಅಂತ ಎಣಿಸುವುದು ಸರಿಯಲ್ಲ.

ನಿಜವಾಗಿ ಕಲಿಯಲು ಬಂದು ಬಿಟ್ಟವರ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ. ಅವರಲ್ಲಿ ಬಹಳಷ್ಟು ಜನ ಮೊದಲ ಎರಡು ಮೂರು ವಾರದಲ್ಲೇ ಜಾರುತ್ತಾರೆ. ಅದಕ್ಕೆ ಮೊದಲ ವಾರ ಹಗುರ ಇರಲಿ. ಲಾಗಿನ್ ಆಗಿ, ಒಂದು ಚಿಕ್ಕ ಲೆಕ್ಕ ಮಾಡಿ, ಅದಕ್ಕೆ ಉತ್ತರ ಪಡೆದು "ನನ್ನ ಕೈಲಾಗುತ್ತೆ" ಅನಿಸಬೇಕು. ಎರಡನೇ ವಾರ ಒಂದು ಸಲವೂ ಒಳಗೆ ಬಾರದವರ ಪಟ್ಟಿ ತೆಗೆದು ಫೋನ್ ಮಾಡಿ. "ಯಾಕೆ ಬಂದಿಲ್ಲ?" ಅಂದರೆ ಬೈದ ಹಾಗಾಗುತ್ತದೆ. "ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರಾ?" ಅಂತ ಕೇಳಿ. ಪಾಸ್‌ವರ್ಡ್ ಮರೆತು ಹೇಳಲು ನಾಚಿಕೊಂಡವರು ಎಷ್ಟು ಜನ ಇರುತ್ತಾರೆ ಅಂದರೆ ನೀವು ನಂಬುವುದಿಲ್ಲ.

ಕೋರ್ಸಿನ ಚೌಕಟ್ಟಿನಲ್ಲೇ ಸಡಿಲ ಇಡಿ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ 12 ಅಸೈನ್‌ಮೆಂಟ್‌ಗಳ ಪೈಕಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ವಾರ ಹಬ್ಬ, ಇನ್ನೊಂದು ವಾರ ಜ್ವರ ಬಂದರೂ ಕೋರ್ಸ್ ಕೈತಪ್ಪುವುದಿಲ್ಲ. ನಾಲ್ಕೈದು ವಾರಕ್ಕೊಮ್ಮೆ ಹೊಸ ಪಾಠ ಇಲ್ಲದ ವಾರ ಬಿಡಿ, ಹಿಂದೆ ಬಿದ್ದವರು ಬಂದು ಸೇರಿಕೊಳ್ಳಲಿ. ಗೌರಿ ಗಣೇಶ, ದಸರಾ, ಊರ ಜಾತ್ರೆಯ ಸುತ್ತ ಗಡುವು ಇಡಬೇಡಿ.

ಲೈವ್ ಕ್ಲಾಸ್ ಬೇಕೇ ಬೇಕಾ? ಎಲ್ಲರೂ ಕ್ಯಾಮೆರಾ ಆಫ್ ಮಾಡಿ ಕೂತಿರ್ತಾರೆ.

ಪಾಠ ಹೇಳಲು ಬೇಡ. ಅನುಮಾನ ಬಿಡಿಸಲು, ಲೆಕ್ಕ ಜೊತೆಗೆ ಕೂತು ಮಾಡಲು ಬೇಕು. ವಾರಕ್ಕೆ ಒಂದು, ನಲವತ್ತು ನಿಮಿಷ, ಅಂಗಡಿ ಬಾಗಿಲು ಹಾಕಿ ಊಟ ಆದ ಮೇಲೆ. ಹಾಜರಿ ಕಡ್ಡಾಯ ಮಾಡಬೇಡಿ, ರೆಕಾರ್ಡಿಂಗ್ ಹಾಕಿ.

ಕ್ಯಾಮೆರಾ ಬಗ್ಗೆ ಜಗಳ ಬೇಡ. ಒಂದೇ ಕೋಣೆಯಲ್ಲಿ ಮನೆಯವರೆಲ್ಲ ಇರುತ್ತಾರೆ, ಮಗು ಮಲಗಿರುತ್ತದೆ. ಅದರ ಬದಲು ಕೈಗೆ ಕೆಲಸ ಕೊಡಿ: "ಈ ವ್ಯವಹಾರಕ್ಕೆ ಎಂಟ್ರಿ ಬರೆಯಿರಿ, ಎರಡು ನಿಮಿಷ. ಚಾಟ್‌ನಲ್ಲಿ ಟೈಪ್ ಮಾಡಿ, ನಾನು ಹೇಳುವವರೆಗೆ ಕಳಿಸಬೇಡಿ. ಈಗ ಎಲ್ಲರೂ ಒಟ್ಟಿಗೆ ಒತ್ತಿ." ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯುವುದು ನಿಲ್ಲುತ್ತದೆ, ಎಲ್ಲಿ ತಪ್ಪುತ್ತಿದ್ದಾರೆ ಅಂತ ನಿಮಗೂ ಒಂದೇ ನೋಟಕ್ಕೆ ಕಾಣುತ್ತದೆ.

ವಾಟ್ಸಾಪ್ ಗುಂಪು ಮಾಡಿದ್ವಿ, ಬರೀ ಗುಡ್ ಮಾರ್ನಿಂಗ್ ಹೂವು ಬರ್ತಿದೆ...

ಎರಡು ಮಾಡಿ. ಒಂದರಲ್ಲಿ ನೀವು ಮಾತ್ರ ಹಾಕುವ ಸೂಚನೆ. ಇನ್ನೊಂದು ಅವರ ಹರಟೆಗೆ, ಹೂವು ಬೇಕಾದಷ್ಟು ಹಾಕಿಕೊಳ್ಳಲಿ. ಹೆಣ್ಣುಮಕ್ಕಳಲ್ಲಿ ಕೆಲವರು ನಂಬರ್ ಎಲ್ಲರಿಗೂ ಕಾಣುತ್ತದೆ ಅಂತಲೇ ಗುಂಪಿಗೆ ಸೇರುವುದಿಲ್ಲ. ಅವರಿಗೆ ಸೂಚನೆ ಬೇರೆ ದಾರಿಯಲ್ಲೂ ತಲುಪಬೇಕು. ವಾಟ್ಸಾಪ್ ಚಾನೆಲ್‌ನಲ್ಲಿ ಸೇರಿದವರ ನಂಬರ್ ಉಳಿದವರಿಗೆ ಕಾಣುವುದಿಲ್ಲ.

ಚರ್ಚೆಗೆ ಅಂತ ಜಾಗ ಕೊಟ್ಟರೂ ಯಾರೂ ಬಾಯಿ ಬಿಡಲ್ಲ. ಯಾಕೆ?

"ಈ ವಾರದ ಪಾಠದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ" ಅಂದರೆ ಯಾರು ತಾನೇ ಏನು ಹೇಳುತ್ತಾರೆ? ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆ ಹಾಕಿ. "ಮಾಲೀಕರು ಅಂಗಡಿಯ ಅಕ್ಕಿ ಮೂಟೆಯೊಂದನ್ನು ಮನೆಗೆ ಒಯ್ದರು. ಬರೆದಿಡಬೇಕಾ? ನೀವು ಕಂಡ ಅಂಗಡಿಗಳಲ್ಲಿ ಬರೆದಿಡುತ್ತಾರಾ?" ಆಗ ನೋಡಿ. ಮೊದಲ ಮೂರು ಮಾತಿಗೆ ನೀವೇ ಹೆಸರು ಹಿಡಿದು ಉತ್ತರಿಸಿ, ಆಮೇಲೆ ಹಿಂದೆ ಸರಿಯಿರಿ. ತಪ್ಪು ಹೇಳಿದವರನ್ನು ಎಲ್ಲರೆದುರು ತಿದ್ದಿದರೆ ಮುಂದಿನ ವಾರ ಅವರೂ ಬರುವುದಿಲ್ಲ, ನೋಡಿದವರೂ ಬರುವುದಿಲ್ಲ.

## ಸ್ವಲ್ಪ ಮುಂದಕ್ಕೆ ಹೋದವರಿಗೆ

ಎಲ್ಲಾ ಪಾಠ ಮೊದಲೇ ಸಿದ್ಧ ಮಾಡಿ ಇಡಬೇಕಾ, ಹೋಗ್ತಾ ಹೋಗ್ತಾ ಮಾಡಬಹುದಾ?

ಮೈಕೆಲ್ ಮೂರ್ ಎಂಬ ದೂರಶಿಕ್ಷಣ ತಜ್ಞ 1970ರ ದಶಕದಿಂದ ಹೇಳಿಕೊಂಡು ಬಂದ ಒಂದು ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಲಿಸುವವರಿಗೂ ಕಲಿಯುವವರಿಗೂ ಇರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಎಷ್ಟು ಮಾತುಕತೆ ಇದೆ, ಕೋರ್ಸಿನ ಚೌಕಟ್ಟು ಎಷ್ಟು ಬಿಗಿ ಇದೆ, ಕಲಿಯುವವರು ಎಷ್ಟರ ಮಟ್ಟಿಗೆ ತಮ್ಮ ಕಾಲ ಮೇಲೆ ನಿಲ್ಲಬಲ್ಲರು, ಈ ಮೂರೂ ಸೇರಿ ಆ ದೂರವನ್ನು ನಿರ್ಧರಿಸುತ್ತವೆ. ಪೂರ್ತಿ ಮೊದಲೇ ಕಟ್ಟಿಟ್ಟರೆ ಚೌಕಟ್ಟು ಬಿಗಿಯಾಗಿ ಮಾತಿಗೆ ಜಾಗ ಇರುವುದಿಲ್ಲ. ಏನೂ ಕಟ್ಟದಿದ್ದರೆ ಹೊಸಬರು ದಾರಿ ತಪ್ಪುತ್ತಾರೆ.

ನನ್ನ ರೂಢಿ ಹೀಗೆ: ಗುರಿ, ಪರೀಕ್ಷೆ, ದಿನಾಂಕ, ಓದುವ ಬರಹ ಎಲ್ಲ ಮೊದಲೇ ಸಿದ್ಧ. ವಿಡಿಯೋ ಮೊದಲ ನಾಲ್ಕು ವಾರದ್ದು ಮಾತ್ರ. ಉಳಿದದ್ದು ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಅಂತ ನೋಡಿಕೊಂಡು. ಇದಕ್ಕೆ ಕೋರ್ಸ್ ನಡೆಯುವಾಗ ನಿಮಗೆ ಬಿಡುವು ಇರಬೇಕು. ಇಲ್ಲದಿದ್ದರೆ ಎಲ್ಲ ಮುಗಿಸಿಕೊಂಡೇ ಶುರು ಮಾಡಿ.

ಕಣ್ಣು ಕಾಣದವರು, ಕಿವಿ ಕೇಳದವರು ಸೇರಿದ್ರೆ ಎಲ್ಲಾ ಮತ್ತೆ ಮಾಡಬೇಕಾ?

ಮೊದಲೇ ಗಮನಿಸಿದರೆ ಮತ್ತೆ ಮಾಡಬೇಕಾಗಿಲ್ಲ. ಸ್ಕ್ಯಾನ್ ಮಾಡಿದ ಪುಟ ಹಾಕಬೇಡಿ, ಪರದೆ ಓದುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಯೂನಿಕೋಡ್ ಬರಹ ಆದರೆ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಕನ್ನಡ ಓದುತ್ತವೆ. ತಲೆಬರಹವನ್ನು ಬರೀ ದಪ್ಪಕ್ಷರ ಮಾಡದೆ ಹೆಡಿಂಗ್ ಅಂತಲೇ ಗುರುತಿಸಿ, ಅವರು ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾ ಓದುತ್ತಾರೆ. ಚಿತ್ರಕ್ಕೆ ಒಂದು ಸಾಲಿನ ವಿವರಣೆ ಕೊಡಿ. ವಿಡಿಯೋದಲ್ಲಿ "ಈ ಅಂಕಿಯನ್ನು ಇಲ್ಲಿಗೆ ಹಾಕಿ" ಅನ್ನಬೇಡಿ. "ಹನ್ನೆರಡು ಸಾವಿರವನ್ನು ಡೆಬಿಟ್ ಕಡೆಗೆ ಹಾಕಿ" ಅನ್ನಿ. ಫೋನ್ ಜೇಬಿನಲ್ಲಿಟ್ಟು ಬರೀ ಕೇಳಿಸಿಕೊಳ್ಳುವವರಿಗೂ ಅದು ಬೇಕು.

ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ವ್ಯತ್ಯಾಸ ಕಡೇ ಪಕ್ಷ 4.5:1 ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ತಿಳಿ ಬೂದು ಅಕ್ಷರ ಬಿಸಿಲಿನಲ್ಲಿ ಯಾರಿಗೂ ಕಾಣುವುದಿಲ್ಲ. ಯೂಟ್ಯೂಬ್‌ನ ಸ್ವಯಂಚಾಲಿತ ಉಪಶೀರ್ಷಿಕೆಯನ್ನು ತಿದ್ದದೆ ಬಿಡಬೇಡಿ, ಅಂಕಿಗಳನ್ನಂತೂ ಮೊದಲು ನೋಡಿ. ಇದು ದಯೆಯ ವಿಷಯವೂ ಅಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ.

ಮೂಡಲ್ ಹಾಕೋದಾ, ಗೂಗಲ್ ಕ್ಲಾಸ್‌ರೂಮ್ ಸಾಕಾ?

ಎರಡೂ ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶಗಳು. ಐವತ್ತು ಜನಕ್ಕೆ, ಒಂದೆರಡು ಕೋರ್ಸಿಗೆ ಕ್ಲಾಸ್‌ರೂಮ್ ಸಾಕು. ಆಯ್ಕೆ ಆಯ್ಕೆಗೂ ಬೇರೆ ಉತ್ತರ ಕೊಡುವ ಕ್ವಿಜ್, ಪ್ರಶ್ನೆ ಭಂಡಾರ, ಯಾರು ಎಲ್ಲಿ ನಿಂತಿದ್ದಾರೆ ಎಂಬ ವಿವರ, ಫೋನಿನಲ್ಲಿ ಇಳಿಸಿಕೊಂಡು ನೆಟ್ ಇಲ್ಲದೆ ಓದುವ ಆ್ಯಪ್ ಬೇಕಾದರೆ ಮೂಡಲ್. ತಂತ್ರಾಂಶ ಪುಕ್ಕಟೆ, ಆದರೆ ಸರ್ವರ್ ಬಾಡಿಗೆ ಇದೆ, ನೋಡಿಕೊಳ್ಳಲು ಒಬ್ಬರು ಬೇಕು. ಅವರು ಯಾರು ಅಂತ ಹೆಸರು ಹೇಳಲಾಗದಿದ್ದರೆ ಮೂಡಲ್ ಬೇಡ.

ಬೇರೆಯವರ ವಿಡಿಯೋ, ಚಿತ್ರ ತಗೊಂಡು ಬಳಸಬಹುದಾ?

ಕೊಂಡಿ ಕೊಡಬಹುದು. ಇಳಿಸಿ ನಿಮ್ಮದರಲ್ಲಿ ಸೇರಿಸಲು ಪರವಾನಗಿ ಬೇಕು. ಕ್ರಿಯೇಟಿವ್ ಕಾಮನ್ಸ್ ಗುರುತು ಇದ್ದರೆ ಅದರ ಷರತ್ತು ಓದಿ. ವಿಕಿಪೀಡಿಯ ಬರಹವನ್ನು ಹೆಸರು ಹೇಳಿ ಬಳಸಬಹುದು, ಆದರೆ ನೀವು ಬದಲಿಸಿ ಕಟ್ಟಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ಗೂಗಲ್‌ನಲ್ಲಿ ಸಿಕ್ಕಿತು ಅನ್ನುವುದು ಪರವಾನಗಿ ಅಲ್ಲ.

ನಮ್ಮ ಕೋರ್ಸಿಗೆ ಕ್ರೆಡಿಟ್ ಸಿಗುತ್ತಾ? ನಾವೇ ಡಿಪ್ಲೊಮಾ ಕೊಡಬಹುದಾ?

ಸ್ವಂತ ಕೋರ್ಸ್ ನಡೆಸಿ "ಮುಗಿಸಿದ್ದಾರೆ" ಅಂತ ಪತ್ರ ಕೊಡಲು ಯಾರ ಅಡ್ಡಿಯೂ ಇಲ್ಲ. ಪದವಿ ಬೇರೆ ಮಾತು. ದೂರಶಿಕ್ಷಣ ಅಥವಾ ಆನ್‌ಲೈನ್ ರೂಪದಲ್ಲಿ ಪದವಿ ಕೊಡಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ನಿಯಮಗಳ ಪ್ರಕಾರ ಅನುಮತಿ ಪಡೆದ ಸಂಸ್ಥೆಯೇ ಆಗಬೇಕು. ಕೇಂದ್ರ ಸರ್ಕಾರದ "ಸ್ವಯಂ" ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆ 2017ರಲ್ಲಿ ಶುರುವಾಯಿತು. ವಿದ್ಯಾರ್ಥಿಯ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು 2021ರ ನಿಯಮ ಅವಕಾಶ ಕೊಟ್ಟಿದೆ, ಅವರ ವಿ.ವಿ. ಒಪ್ಪಿದರೆ. ಸ್ವಯಂ ಕೋರ್ಸಿಗೆ ನಾಲ್ಕು ಭಾಗ ಇರಬೇಕು: ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ. ನಿಮ್ಮ ಕೋರ್ಸ್ ಅಲ್ಲಿಗೆ ಹೋಗದಿದ್ದರೂ ಈ ನಾಲ್ಕೂ ಇವೆಯಾ ಅಂತ ನೋಡಿಕೊಳ್ಳಿ.

ಕೋರ್ಸ್ ಚೆನ್ನಾಗಿದೆ ಅಂತ ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದಾರೆ. ಇನ್ನೇನು ಅಳೆಯೋದು?

ಸ್ಟಾರ್ ಕೊಟ್ಟವರು ಉಳಿದುಕೊಂಡವರು. ಬಿಟ್ಟುಹೋದವರ ಸ್ಟಾರ್ ಎಲ್ಲಿದೆ? ಮೂರು ಕಡೆ ಕಣ್ಣಿಡಿ. ಯಾವ ವಾರ ಜನ ಒಟ್ಟಿಗೆ ಉದುರಿದರು. ಆ ವಾರದ ಪಾಠವನ್ನೋ ಗಡುವನ್ನೋ ಅನುಮಾನಿಸಿ. ಯಾವ ವಿಡಿಯೋದ ಯಾವ ನಿಮಿಷವನ್ನು ಹಿಂದಕ್ಕೆ ಎಳೆದು ಮತ್ತೆ ನೋಡಿದರು. ಅಲ್ಲಿ ನಿಮ್ಮ ವಿವರಣೆ ಸಾಲದಾಗಿದೆ. ಯಾವ ಪ್ರಶ್ನೆಯಲ್ಲಿ ಚೆನ್ನಾಗಿ ಓದುವವರೂ ತಪ್ಪಿದರು; ಬಹುಶಃ ಪ್ರಶ್ನೆಯೇ ಸರಿ ಇಲ್ಲ.

ಮುಂದಿನ ತಂಡಕ್ಕೆ ತೆರೆಯುವ ಮುಂಚೆ ಒಬ್ಬ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಫೋನಿನಲ್ಲಿ, ಮೊದಲ ಪಾಠ ಮಾಡಿಸಿ. ನೀವು ಬಾಯಿ ಬಿಡಬಾರದು. ಎಲ್ಲಿ ಬೆರಳು ನಿಲ್ಲುತ್ತದೆ, ಎಲ್ಲಿ "ಇದೇನು ಒತ್ಬೇಕಾ?" ಅಂತ ನಿಮ್ಮ ಮುಖ ನೋಡುತ್ತಾರೆ, ಬರೆದುಕೊಳ್ಳಿ. ಮೂರು ಜನ ಹೀಗೆ ಮಾಡಿದರೆ ಮುಂದಿನ ತಂಡಕ್ಕೆ ಮೊದಲು ಏನೇನು ತಿದ್ದಬೇಕು ಎಂಬ ಪಟ್ಟಿ ಸಿದ್ಧವಾಗುತ್ತದೆ. ಪಟ್ಟಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಪಾಠ ಇರುವುದಿಲ್ಲ, ಲಾಗಿನ್ ಪುಟ ಇರುತ್ತದೆ.